ಶೀಟಿನ ಮನೆ ಮತ್ತು ಬಿಳಿ ದೂಳು

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಮನೆಯೊಂದರ ತಾರಸಿ ಮೇಲೆ ಬಾಡಿಗೆಗೆಂದು ಒಂದು ಕೋಣೆ ಎದ್ದಿತು. ಶೀಟು ಎರಡಡಿ ಉದ್ದವಾಯಿತೆಂದು ಹುಡುಗನೊಬ್ಬ ಕಟಿಂಗ್ ಮಷಿನ್ ಹಿಡಿದು ಕೊಯ್ಯುತ್ತ ಕೂತಿದ್ದ. ಹತ್ತು ನಿಮಿಷದೊಳಗೆ ಅವನ ಹುಬ್ಬು, ಕಣ್ರೆಪ್ಪೆ, ಮುಂಗೈ ಕೂದಲೆಲ್ಲ ಬೆಳ್ಳಗಾದವು. ಮೂಗಿಗೆ ಒಂದು ಕರ್ಚೀಫು ಕಟ್ಟಿದ್ದ, ಅಷ್ಟೇ. ಮೇಲೆ ಹೋಗಿ, ನಿಲ್ಲಿಸಪ್ಪಾ ಎಂದೆ. ‘ಸಿಮೆಂಟ್ ದೂಳು ಸಾರ್, ತೊಳೆದ್ರೆ ಹೋಗುತ್ತೆ’ ಎಂದ.

ಶೀಟಿನ ಬಗ್ಗೆ ನಮ್ಮಲ್ಲಿರುವ ತಪ್ಪು ತಿಳಿವಳಿಕೆಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ಅದು ಬರೀ ಸಿಮೆಂಟ್ ಅಲ್ಲ, ಅದರಲ್ಲಿ ಆಸ್ಬೆಸ್ಟಾಸ್ ಬೆರೆತಿರುತ್ತದೆ. ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ಕಲ್ಲಿನೊಳಗೇ ನಾರಾಗಿ ಬೆಳೆದ ಖನಿಜ ಅದು. ಬೆಂಕಿಗೆ ಸುಡದು, ನೀರಿಗೆ ಕೊಳೆಯದು. ಸಿಮೆಂಟಿಗೆ ಶೇ 10ರ ಆಸುಪಾಸು ಬೆರೆಸಿದರೆ ತೆಳ್ಳನೆಯ ಹಾಳೆಯೂ ಗಟ್ಟಿಯಾಗಿ ನಿಲ್ಲುತ್ತದೆ. ಶೀಟನ್ನು ಕೊಯ್ದಾಗ ಈ ನಾರು ಬಿಡಿಬಿಡಿಯಾಗಿ ಗಾಳಿಗೆ ಸೇರುತ್ತದೆ. ಎಳೆಗಳು ತಲೆಗೂದಲಿಗಿಂತ ನೂರಾರು ಪಟ್ಟು ಸಪೂರ. ಕಣ್ಣಿಗೆ ಕಾಣುವ ದೂಳು ನೆಲಕ್ಕಿಳಿದ ಮೇಲೂ ಕಾಣದ ಎಳೆಗಳು ಗಂಟೆಗಟ್ಟಲೆ ತೇಲುತ್ತಿರುತ್ತವೆ. ಉಸಿರಿನೊಂದಿಗೆ ಒಳಹೋದ ಉದ್ದನೆಯ ಎಳೆಯನ್ನು ನುಂಗಿ ಕರಗಿಸಲು ನಮ್ಮ ದೇಹದ ಕಾವಲು ಕೋಶಗಳು ಹೆಣಗುತ್ತವೆ, ಆಗದೆ ಸಾಯುತ್ತವೆ. ಆ ಉರಿಯೂತ ವರ್ಷಾನುಗಟ್ಟಲೆ ಆರುವುದೇ ಇಲ್ಲ. ಶ್ವಾಸಕೋಶ ಕಲೆಗಟ್ಟಿ ಬಿರುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ಬರುವ ಮೀಸೋಥೀಲಿಯೋಮಾ ಎಂಬ ಇನ್ನೊಂದು ಕ್ಯಾನ್ಸರ್ ಇವೆಲ್ಲ ಹುಟ್ಟುವುದು ಹೀಗೆ. ಮುಖದ ದೂಳನ್ನು ತೊಳೆಯಬಹುದು. ಎದೆಯೊಳಗಿನದನ್ನು ತೊಳೆಯುವ ದಾರಿ ಇಲ್ಲ.

‘ಇಪ್ಪತ್ತು ವರ್ಷದಿಂದ ಇದೇ ಕೆಲಸ, ನನಗೇನಾಗಿದೆ?’ ಎಂದು ಮೇಸ್ತ್ರಿ ಕೇಳಿದರು. ದೂಳು ಕುಡಿದವರಿಗೆಲ್ಲ ಕಾಯಿಲೆ ಬರುವುದಿಲ್ಲ, ನಿಜ. ಆದರೆ ಬರುವವರಿಗೂ ಈ ಕ್ಯಾನ್ಸರುಗಳು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20ರಿಂದ 50 ವರ್ಷಗಳ ನಂತರ. ಬೀಡಿ ಸೇದುವವರಿಗಂತೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಇವತ್ತು ಏನೂ ಆಗಿಲ್ಲ ಎನ್ನುವುದು ಈ ವಿಷಯದಲ್ಲಿ ಯಾವುದಕ್ಕೂ ಪುರಾವೆಯಲ್ಲ.

ಇದಕ್ಕೆ ತದ್ವಿರುದ್ಧವಾದ ಹೆದರಿಕೆಯೂ ಒಂದಿದೆ: ಶೀಟಿನ ಮನೆಯಲ್ಲಿ ಇದ್ದರೇ ಕ್ಯಾನ್ಸರ್ ಬರುತ್ತದೆ ಎಂಬುದು. ಒಡೆಯದ, ಸವೆಯದ ಶೀಟಿನಲ್ಲಿ ನಾರು ಸಿಮೆಂಟಿಗೆ ಕಚ್ಚಿಕೊಂಡಿರುತ್ತದೆ. ಅದರ ಕೆಳಗೆ ಮಲಗಿದವರಿಗೆ ಅಪಾಯ ಬಹಳ ಕಡಿಮೆ. ಗಾಬರಿಬಿದ್ದು ಸೂರನ್ನು ಹಾರೆಯಿಂದ ಒಡೆದು ಕೆಡವುವವರು ಇಲ್ಲದ ದೂಳನ್ನು ತಾವೇ ಎಬ್ಬಿಸಿದಂತಾಗುತ್ತದೆ. ಹಳೆಯ ಶೀಟಿನ ಮುರಿದ ಅಂಚನ್ನು ದೂರದಿಂದಲೇ ನೋಡಿ, ಹರಿದ ಗೋಣಿಯ ಅಂಚಿನಂತೆ ಜುಂಗು ಕಾಣುತ್ತದೆ. ಮಳೆಗಾಲಕ್ಕೆ ಮೊದಲು ಪಾಚಿ ತೆಗೆಯಲೆಂದು ತಂತಿ ಬ್ರಷ್ ಹಾಕಿ ಉಜ್ಜುತ್ತೇವಲ್ಲ, ಆಗ ಉದುರುವುದೂ ಇದೇ. ಒಡೆದ ಚೂರುಗಳನ್ನು ಅಂಗಳದ ಗುಂಡಿಗೆ ತುಂಬಿ ತುಳಿಯುವುದಂತೂ ಬೇಡವೇ ಬೇಡ, ಮಕ್ಕಳು ಆಡುವ ಜಾಗ ಅದು.

ಇದು ಗಣಿ, ಕಾರ್ಖಾನೆಯವರ ಕಾಯಿಲೆ ಎಂಬ ಮಾತಿಗೆ ದಕ್ಷಿಣ ಆಫ್ರಿಕಾ 1960ರಲ್ಲೇ ಉತ್ತರ ಕೊಟ್ಟಿದೆ. ವ್ಯಾಗ್ನರ್ ಮತ್ತು ಸಂಗಡಿಗ ವೈದ್ಯರು ಅಲ್ಲಿ 33 ಮೀಸೋಥೀಲಿಯೋಮಾ ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹಲವರು ಗಣಿಗೆ ಇಳಿದವರೇ ಅಲ್ಲ, ಗಣಿಯ ಅಕ್ಕಪಕ್ಕ ಬಾಲ್ಯ ಕಳೆದವರು. ಗಂಡನ ಕೆಲಸದ ಬಟ್ಟೆ ಒಗೆದ ಹೆಂಗಸರಿಗೂ ಈ ರೋಗ ಬಂದದ್ದು ಬೇರೆ ದೇಶಗಳಲ್ಲಿ ದಾಖಲಾಗಿದೆ.

ಬಿಳಿ ಕಲ್ನಾರು ನಿರಪಾಯಕಾರಿ ಎಂದು ಮಾರುವವರು ಹೇಳುವುದುಂಟು. ಇಂದಿನ ಶೀಟುಗಳಲ್ಲಿರುವುದು ಆ ಬಿಳಿ ಜಾತಿಯೇ, ಕ್ರೈಸೋಟೈಲ್. ನೀಲಿ ಮತ್ತು ಕಂದು ಕಲ್ನಾರು ಇನ್ನೂ ಕೆಟ್ಟವು ಎಂಬಷ್ಟು ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾತ್ರ ಎಲ್ಲ ಜಾತಿಯ ಕಲ್ನಾರನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿಟ್ಟಿದೆ.

‘ಅಷ್ಟು ಕೆಟ್ಟದ್ದಾದರೆ ಅಂಗಡಿಯಲ್ಲಿ ಮಾರಲು ಬಿಡುತ್ತಿದ್ದರೇ?’ ನಮ್ಮಲ್ಲಿ ಬಿಟ್ಟಿದ್ದಾರೆ. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ ಇದನ್ನು ನಿಷೇಧಿಸಿದವು. ಭಾರತ ಹೊಸ ಗಣಿ ಗುತ್ತಿಗೆ ನಿಲ್ಲಿಸಿ ದಶಕಗಳಾದರೂ, ಹೊರದೇಶದಿಂದ ನಾರು ತರಿಸಿ ಶೀಟು ಮಾಡುವುದು ನಡೆದೇ ಇದೆ. ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ತಾರಸಿ ಮೇಲಿನ ಆ ಹುಡುಗನ ಎದೆಯ ದಾಖಲೆ ಯಾರ ಬಳಿ ಇದೆ? ನನ್ನ ನಿದ್ದೆಗೆಡಿಸುವುದು ಇದೇ.

ಕಲ್ನಾರಿಲ್ಲದ ಸಿಮೆಂಟ್ ಶೀಟುಗಳೂ ಬರುತ್ತವೆ, ಆದರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಕೊಳ್ಳುವಾಗ ಕೇಳಿ, ಬಿಲ್ಲಿನಲ್ಲಿ ಬರೆಸಿ. ಹಳೆಯ ಶೀಟು ಎಂಥದೆಂದು ಗೊತ್ತಿಲ್ಲದಿದ್ದರೆ ಕಲ್ನಾರಿನದೇ ಎಂದುಕೊಳ್ಳಿ. ತೆಗೆಯಲೇಬೇಕಾದರೆ ನೀರು ಚಿಮುಕಿಸಿ ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಕೆಳಗಿಳಿಸಿ. ಬಿದ್ದದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕರ್ಚೀಫು ಈ ನಾರನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ದೂಳು ಸೋಸುವ ಮುಖಗವಸು ಬೇಕು. ಹೊಸ ಶೀಟು ಹಾಕಿಸುವವರು ಅಳತೆಯನ್ನು ಮೊದಲೇ ಕೊಟ್ಟು ತರಿಸಿ. ನಿಮ್ಮ ಮನೆಯ ಕೆಲಸಕ್ಕೆ ಬಂದವರು ಶೀಟಿನ ಮೇಲೆ ಕಟಿಂಗ್ ಮಷಿನ್ ಇಟ್ಟರೆ, ದಯವಿಟ್ಟು ಮೇಲೆ ಹೋಗಿ ನಿಲ್ಲಿಸಿ.