ಮಂಗಳವಾರದ ಖಾಲಿ ಕೋಣೆಗೆ ಲಿಂಕ್ಡ್‌ಇನ್

ಮಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿ ನಮ್ಮವರಿಗೆ ಹೊಸದಲ್ಲ. ಸುಳ್ಯ, ಮಡಿಕೇರಿ, ಕುಶಾಲನಗರ ದಾಟಿ ಬೈಲಕುಪ್ಪೆಗೆ ಬಂದರೆ ಪಿರಿಯಾಪಟ್ಟಣ ತಾಲೂಕು, ಆಮೇಲೆ ಹುಣಸೂರು. ಅಲ್ಲಿಂದ ಒಂದು ಕಡೆ ಕೆ.ಆರ್. ನಗರ, ಚುಂಚನಕಟ್ಟೆ ಜಲಪಾತ. ಇನ್ನೊಂದು ಕಡೆ ಎಚ್.ಡಿ. ಕೋಟೆ, ಕಬಿನಿ ಹಿನ್ನೀರು. ಈ ಭಾಗದಲ್ಲಿ ಲಾಡ್ಜ್, ರೆಸಾರ್ಟ್, ಹೋಂಸ್ಟೇ ನಡೆಸುವವರನ್ನು ಮಾತಾಡಿಸಿದರೆ ಕಷ್ಟ ಒಂದೇ. ಶನಿವಾರ, ಭಾನುವಾರ ಕೋಣೆ ಸಾಲದು. ಮಂಗಳವಾರ ನೊಣ ಹೊಡೆಯಬೇಕು. ಕೆಲಸದವರ ಸಂಬಳ, ಕರೆಂಟ್ ಬಿಲ್ಲು, ಬ್ಯಾಂಕ್ ಕಂತು ಮಾತ್ರ ಏಳು ದಿನವೂ ಓಡುತ್ತಲೇ ಇರುತ್ತೆ.

ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಶುರುವಾಗಿದ್ದು 1980ರಲ್ಲಿ. ಕಾರಾಪುರದಲ್ಲಿ ಅದರ ಲಾಡ್ಜ್ ಬಂದ ಮೇಲೆ ಕಬಿನಿ ಸುತ್ತ ಒಂದೊಂದಾಗಿ ರೆಸಾರ್ಟ್‌ಗಳು ಎದ್ದವು. ಈಚೆಗೆ ಅಲ್ಲಿನ ಕರಿಚಿರತೆಯ ಫೋಟೋಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ ಊರಿನ ಹೆಸರು ಜಗತ್ತಿಗೆ ಗೊತ್ತಾಯ್ತು. ಆದರೆ ಚಿರತೆ ನೋಡೋಕೆ ಬರುವ ಕುಟುಂಬಗಳು ಬರೋದು ಮಕ್ಕಳಿಗೆ ರಜೆ ಇದ್ದಾಗ. ಇನ್‌ಸ್ಟಾಗ್ರಾಂ ತಂದುಕೊಡುವ ಗಿರಾಕಿಯೂ ಹೆಚ್ಚಾಗಿ ವಾರಾಂತ್ಯದವನೇ. ಬುಕಿಂಗ್ ಆ್ಯಪ್‌ಗಳ ಕಮಿಷನ್ ಬೇರೆ ಇದೆ.

ವಾರದ ಮಧ್ಯೆ ಬರೋರು ಯಾರು? ತರಬೇತಿಗೆ, ಮೀಟಿಂಗಿಗೆ ಹೊರಡುವ ಕಂಪನಿ ತಂಡಗಳು. ಮೂವತ್ತು ಜನ ಎಲ್ಲಿ ಉಳಿಯಬೇಕು ಅಂತ ತೀರ್ಮಾನಿಸೋದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೂತ ಒಬ್ಬ ಎಚ್.ಆರ್. ಅಥವಾ ಅಡ್ಮಿನ್ ಅಧಿಕಾರಿ. ಅವರು ಸಿಗುವ ಜಾಗ ಲಿಂಕ್ಡ್‌ಇನ್. ಅಲ್ಲಿ ಊರು, ಹುದ್ದೆ ಹಾಕಿ ಹುಡುಕಿದರೆ ಹೆಸರುಗಳು ಬರುತ್ತವೆ.

2003ರಿಂದ ಇರುವ, 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಈ ಜಾಲತಾಣ ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. ಮಗ ಗಲ್ಫ್‌ನಲ್ಲಿ ಕೆಲಸ ಹುಡುಕುವಾಗ ತೆರೆಯುತ್ತಾನೆ, ಕೆಲಸ ಸಿಕ್ಕ ಮೇಲೆ ಮರೆತುಬಿಡುತ್ತಾನೆ. ಆ ಮರೆತ ಖಾತೆಯೇ ಬಂಡವಾಳ ಅನ್ನೋದು ನಮ್ಮ ಅನಿಸಿಕೆ. ಅವನ ಸಹಪಾಠಿಗಳು ಈಗ ಎಲ್ಲೆಲ್ಲಿದ್ದಾರೆ ನೋಡಿ. ಬ್ಯಾರೀಸ್ ಇನ್‌ಸ್ಟಿಟ್ಯೂಟೋ, ಪಿ.ಎ. ಕಾಲೇಜೋ, ಓದಿದ ಕಾಲೇಜಿನ ಪುಟಕ್ಕೆ ಹೋಗಿ ಹಳೆ ವಿದ್ಯಾರ್ಥಿಗಳ ವಿಭಾಗ ತೆರೆದರೆ ಯಾರು ಯಾವ ಊರಲ್ಲಿ, ಯಾವ ಕಂಪನಿಯಲ್ಲಿದ್ದಾರೆ ಅಂತ ತೋರಿಸುತ್ತೆ. ಗೊತ್ತಿಲ್ಲದವರಿಗೆ ನೂರು ಮೆಸೇಜ್ ಕಳಿಸೋದಕ್ಕಿಂತ ಗೊತ್ತಿರುವ ಹತ್ತು ಜನರಿಗೆ ಬರೆಯೋದು ವಾಸಿ.

ಖಾತೆ ತೆರೆಯುವಾಗ ಒಂದು ಎಚ್ಚರ. ಹೋಟೆಲ್ ಹೆಸರಲ್ಲಿ ವ್ಯಕ್ತಿಯ ಖಾತೆ ಮಾಡಬಾರದು, ನಿಯಮಕ್ಕೆ ವಿರುದ್ಧ. ಮಾಲೀಕರ ನಿಜ ಹೆಸರಿನಲ್ಲಿ ಖಾತೆ, ಅದರಿಂದ ಹೋಟೆಲ್ಲಿಗೆ ಬೇರೆ ಪುಟ. ಎರಡೂ ಉಚಿತ. ಬರೆಯೋದು ಮಾಲೀಕರ ಹೆಸರಲ್ಲೇ ಇರಲಿ. ಜನ ಮಾತಾಡೋಕೆ ಬಯಸೋದು ಬೋರ್ಡಿನ ಜೊತೆಯಲ್ಲ, ಮನುಷ್ಯರ ಜೊತೆ.

ಏನು ಬರೆಯಬೇಕು? ಹೂವಿಟ್ಟ ಮಂಚದ ಫೋಟೋ ಅಲ್ಲಿ ಯಾರಿಗೂ ಬೇಡ. ಹಾಲ್‌ನಲ್ಲಿ ಎಷ್ಟು ಜನ ಕೂರಬಹುದು, ಪ್ರೊಜೆಕ್ಟರ್ ಇದೆಯಾ, ಜನರೇಟರ್ ಇದೆಯಾ, ಬಸ್ ಒಳಗೆ ತಿರುಗುತ್ತಾ, ಜಿ.ಎಸ್.ಟಿ. ಬಿಲ್ ಕೊಡ್ತೀರಾ, ಮೈಸೂರಿನಿಂದ ಎಷ್ಟು ಹೊತ್ತಿನ ದಾರಿ. ಅಧಿಕಾರಿಗೆ ಬೇಕಾಗಿರೋದು ಇಷ್ಟೇ, ಯಾಕೆಂದರೆ ಏನಾದರೂ ಕೆಟ್ಟರೆ ಬಾಸ್ ಹತ್ತಿರ ಬೈಸಿಕೊಳ್ಳೋರು ಅವರೇ. ಮೊದಲ ಎರಡು ಮೂರು ಸಾಲಿನಲ್ಲೇ ವಿಷಯ ಬರಲಿ, ಉಳಿದದ್ದನ್ನು ಜಾಲತಾಣ ಮಡಚಿಡುತ್ತೆ. ಮೊಬೈಲ್ ಸಿಗ್ನಲ್ ದುರ್ಬಲವಾಗಿದ್ದರೆ ಅದನ್ನೂ ಹೇಳಿಬಿಡಿ. ಹುಲಿ ತೋರಿಸ್ತೀವಿ ಅಂತ ಮಾತ್ರ ಬರೆಯಬೇಡಿ. ಹುಲಿ ಯಾರ ಮಾತನ್ನೂ ಕೇಳಲ್ಲ, ಸಫಾರಿ ಸೀಟೂ ಲೆಕ್ಕದಷ್ಟೇ.

ಒಂದು ತಂಡ ಬಂದು ಹೋದ ಮರುದಿನವೇ, ಊಟದ ರುಚಿ ಇನ್ನೂ ನಾಲಿಗೆಯಲ್ಲಿರುವಾಗ, ಕರೆತಂದ ಅಧಿಕಾರಿಯ ಹತ್ತಿರ ನಿಮ್ಮ ಖಾತೆಯಲ್ಲಿ ನಾಲ್ಕು ಸಾಲಿನ ಶಿಫಾರಸು ಕೇಳಿ. ಅದರ ಜೊತೆ ಅವರ ಹೆಸರು, ಹುದ್ದೆ ಕಾಣುತ್ತೆ. ಮುಂದಿನ ಕಂಪನಿಯವರು ಮೊದಲು ಓದೋದು ಅದನ್ನೇ.