ಜೋರು ಮಳೆಯ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ



2005ರ ಜುಲೈ 26-27ರಂದು ನಮ್ಮ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ನೀರು ಇಳಿದ ಮೇಲಿನ ವಾರಗಳಲ್ಲಿ ಮುಂಬಯಿಯಲ್ಲಿ ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಏರಿತು. ಮಳೆ ನೋಡಿ ಜ್ವರವನ್ನು ಮೊದಲೇ ಊಹಿಸಬಹುದೇ?

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಗಂಭೀರವಾಗಿ ಹಿಡಿದವರು ಸೈನ್ಯದ ವೈದ್ಯರು. ಹಿಂದಿನ ಅನೇಕ ಯುದ್ಧಗಳಲ್ಲಿ ಗುಂಡೇಟಿಗಿಂತ ಜ್ವರ, ಭೇದಿಗೇ ಹೆಚ್ಚು ಸೈನಿಕರು ಬಲಿಯಾಗಿದ್ದರು. 1883ರಲ್ಲಿ ಬೆಂಗಳೂರು ದಂಡಿನ ವೈದ್ಯರಾಗಿದ್ದ ರೊನಾಲ್ಡ್ ರಾಸ್, ನಿಂತ ನೀರು ಸಿಗದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡವರೂ ಅವರೇ. 1908ರಲ್ಲಿ ಪಂಜಾಬಿನಲ್ಲಿ ಮಲೇರಿಯಾ ಭೀಕರವಾಗಿ ಹಬ್ಬಿದಾಗ, ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಕ್ರಿಸ್ಟೋಫರ್ಸ್ ಮಳೆಗೂ ಧಾನ್ಯದ ಬೆಲೆಗೂ ರೋಗಕ್ಕೂ ಇರುವ ನಂಟನ್ನು ತೋರಿಸಿದರು. 1920ರ ದಶಕದಲ್ಲಿ ಅದೇ ಸೇವೆಯ ಗಿಲ್ ಇಂಥ ಲೆಕ್ಕದಿಂದಲೇ ಪಂಜಾಬಿಗೆ ಮಲೇರಿಯಾ ಮುನ್ಸೂಚನೆ ಕೊಡತೊಡಗಿದರು.

ಈ ಲೆಕ್ಕವನ್ನು ನಾವು ಮನೆಯಲ್ಲೂ ಹಾಕಬಹುದು. ಜೋರು ಮಳೆಯ ದಿನದಿಂದ ಎಣಿಸಿ:

*ಮೊದಲ 3 ದಿನ:* ನಿಂತ ಮಳೆನೀರಿನಲ್ಲಿ ನಡೆದಿದ್ದರೆ ಸೋಪು ಹಚ್ಚಿ ಕಾಲು ತೊಳೆಯಿರಿ. ಇಲಿಜ್ವರ ತಡೆಯುವ ಮಾತ್ರೆ ಬೇಕೇ ಎಂದು 72 ಗಂಟೆಯೊಳಗೆ ವೈದ್ಯರನ್ನು ಕೇಳಿ. ಕಾಲಿನಲ್ಲಿ ಗಾಯವಿದ್ದರೆ ತಡ ಬೇಡ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಔಷಧ ಬೇರೆ. ಅಂಗಡಿಯಿಂದ ನೀವೇ ತಂದು ಕೊಡಬೇಡಿ.

*5ರಿಂದ 14ನೇ ದಿನ:* ಇಲಿಜ್ವರ ಹೆಚ್ಚಾಗಿ ಈಗ ಕಾಣಿಸುತ್ತದೆ. ಕೆಲವರಲ್ಲಿ ತಿಂಗಳವರೆಗೂ ತಡವಾಗಬಹುದು. ಜ್ವರದ ಜೊತೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣ. "ನೀರಿನಲ್ಲಿ ನಡೆದಿದ್ದೆ" ಎಂದು ವೈದ್ಯರಿಗೆ ಮರೆಯದೆ ಹೇಳಿ.

*2ನೇ ವಾರದ ನಂತರ:* ಡೆಂಗೀ, ಮಲೇರಿಯಾ ಸರದಿ. ಡೆಂಗೀ ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರಲು 7ರಿಂದ 10 ದಿನ ಸಾಕು. ಡ್ರಮ್ಮು, ಕುಂಡದ ತಟ್ಟೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಿರಿ.

ಹೃದಯದ ವೈದ್ಯನಾಗಿ ಒಂದು ಮುಖ್ಯ ಮಾತು. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಾರೆ. ಡೆಂಗೀ ಬಂದಾಗ ಇವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚು. ಹಾಗೆಂದು ನೀವೇ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಜ್ವರ ಬಂದ ದಿನವೇ ನಿಮ್ಮ ವೈದ್ಯರಿಗೆ ತಿಳಿಸಿ. ಪ್ಲೇಟ್‌ಲೆಟ್ ನೋಡಿ ಅವರು ನಿರ್ಧರಿಸಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೇಡ. ಈ ಜ್ವರಗಳು ಹೃದಯದ ಸ್ನಾಯುವಿಗೂ ತಾಗಬಲ್ಲವು. ಉಸಿರಾಟದ ತೊಂದರೆ, ಎದೆನೋವು, ಮೂತ್ರ ಕಡಿಮೆಯಾಗುವುದು, ರಕ್ತ ಬೀಳುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಊರಿನಿಂದ ಬಂದಿರುವ ಹಿರಿಯರ ಮಾತ್ರೆಗಳ ಪಟ್ಟಿಯನ್ನು ಇಂದೇ ನಿಮ್ಮ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಚಾಳಿನ, ಬಿಲ್ಡಿಂಗಿನ ನಮ್ಮವರಿಗೂ ಇದನ್ನು ಕಳಿಸಿ.

– ಹೃದ್ರೋಗ ತಜ್ಞ, ಸಾಂತಾಕ್ರೂಜ್, ಮುಂಬಯಿ