ನಿದ್ರೆಗೆ ಅಂಕ ಕೊಡುವುದು ಹೇಗೆ?

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎನ್ನುತ್ತದೆ ಗಾದೆ. ಚಿಂತೆ ಇರುವವನಿಗೆ ಮೆತ್ತನೆಯ ಹಾಸಿಗೆಯ ಮೇಲೂ ಕಣ್ಣು ಹತ್ತುವುದಿಲ್ಲ. ಪರೀಕ್ಷೆ ಸಮೀಪಿಸಿದಂತೆ ಎಷ್ಟೋ ಮನೆಗಳಲ್ಲಿ ಈ ದೂರು ಕೇಳಿಬರುತ್ತದೆ. ಜ್ವರವನ್ನು ಅಳೆಯಲು ಥರ್ಮಾಮೀಟರ್ ಇದೆ. ನಿದ್ರಾಹೀನತೆಯನ್ನು ಅಳೆಯುವುದು ಯಾವುದರಿಂದ?

ಬಹುಮಟ್ಟಿಗೆ ಪ್ರಶ್ನಾವಳಿಗಳಿಂದ. ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಮೋರಿನ್ ರೂಪಿಸಿದ 'ನಿದ್ರಾಹೀನತೆಯ ತೀವ್ರತಾ ಸೂಚಿ'ಯಲ್ಲಿ ಇರುವುದು 7 ಪ್ರಶ್ನೆಗಳು ಮಾತ್ರ. ನಿದ್ರೆ ಹತ್ತಲು ತೊಂದರೆಯೇ? ನಡುವೆ ಎಚ್ಚರವಾಗುತ್ತದೆಯೇ? ಹಗಲಿನ ಕೆಲಸಕ್ಕೆ ಅಡ್ಡಿಯಾಗಿದೆಯೇ? ಹೀಗೆ ಸಾಗುವ ಪ್ರತಿ ಪ್ರಶ್ನೆಗೂ 0ಯಿಂದ 4ರವರೆಗೆ ಅಂಕ. ಮೊತ್ತ 7ರೊಳಗಿದ್ದರೆ ಚಿಂತೆಯಿಲ್ಲ. 15 ಮುಟ್ಟಿದರೆ ಗಮನ ಕೊಡಬೇಕು. 22ರಿಂದ 28 ಬಂದರೆ ತೊಂದರೆ ತೀವ್ರ.

ಈ ಅಂಕವನ್ನು ಎಷ್ಟು ನಂಬಬಹುದು? ಇದಕ್ಕೆ ವಿಜ್ಞಾನಿಗಳು ಎರಡು ಪರೀಕ್ಷೆ ಒಡ್ಡುತ್ತಾರೆ. ಮೊದಲನೆಯದು ವಿಶ್ವಸನೀಯತೆ. ಒಂದೇ ಅಕ್ಕಿಚೀಲವನ್ನು ಎರಡು ಸಲ ತೂಗಿದರೆ ತಕ್ಕಡಿ ಒಂದೇ ತೂಕ ತೋರಿಸಬೇಕಲ್ಲವೇ? ಹಾಗೆಯೇ ಒಬ್ಬನೇ ವ್ಯಕ್ತಿ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದಾಗಲೂ ಅಂಕ ಹೆಚ್ಚುಕಡಿಮೆ ಅಷ್ಟೇ ಬರಬೇಕು. ತೊಡಕು ಇಲ್ಲೇ ಇದೆ. ಅಂತರ ಕಡಿಮೆಯಾದರೆ ಹಳೆಯ ಉತ್ತರ ನೆನಪಿನಲ್ಲಿರುತ್ತದೆ. ಹೆಚ್ಚಾದರೆ ನಿದ್ರೆಯೇ ಬದಲಾಗಿರುತ್ತದೆ!

ಆದ್ದರಿಂದ ಪ್ರಶ್ನೆಗಳು ಪರಸ್ಪರ ಹೊಂದಿಕೊಳ್ಳುತ್ತವೆಯೇ ಎಂದೂ ನೋಡುತ್ತಾರೆ. ಅದಕ್ಕೆ ಅಮೆರಿಕದ ಲೀ ಕ್ರೋನ್‌ಬಾಕ್ 1951ರಲ್ಲಿ ವಿವರಿಸಿದ 'ಆಲ್ಫಾ' ಎಂಬ ಅಳತೆ ಇದೆ. ಸಾಮಾನ್ಯವಾಗಿ ಅದು 0.7ಕ್ಕಿಂತ ಮೇಲಿದ್ದರೆ ಒಪ್ಪಬಹುದು. ನಿದ್ರೆಯ ಗುಣಮಟ್ಟ ತಿಳಿಯಲು 1989ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ಸೂಚಿಗೆ ದೊರೆತದ್ದು 0.83.

ಆದರೆ ಪ್ರತಿಸಲವೂ ಎರಡು ಕಿಲೋ ಹೆಚ್ಚು ತೋರಿಸುವ ತಕ್ಕಡಿಯೂ 'ವಿಶ್ವಸನೀಯ'ವೇ! ಅದು ಸದಾ ಒಂದೇ ಮಾತು ಹೇಳುತ್ತದೆ, ಹೇಳುವುದು ಮಾತ್ರ ತಪ್ಪು. ಎರಡನೆಯ ಪರೀಕ್ಷೆ ಬೇಕಾಗುವುದು ಇದಕ್ಕೇ. ಅಳೆಯಬೇಕಾದದ್ದನ್ನೇ ಅದು ಅಳೆಯುತ್ತಿದೆಯೇ ಎಂಬ ಈ ಗುಣಕ್ಕೆ ಸಪ್ರಮಾಣತೆ ಎನ್ನುತ್ತಾರೆ. ಪಿಟ್ಸ್‌ಬರ್ಗ್ ಸೂಚಿಯ ಮೊದಲ ಅಧ್ಯಯನದಲ್ಲಿ ನಿದ್ರೆಯ ತೊಂದರೆಯಿದ್ದವರಲ್ಲಿ ಶೇ. 89.6 ಮಂದಿಯನ್ನು ಅದು ಸರಿಯಾಗಿ ಗುರುತಿಸಿತು. ಚೆನ್ನಾಗಿ ನಿದ್ರಿಸುವವರಲ್ಲಿ ಸರಿಯಾಗಿ ಗುರುತಿಸಿದ್ದು ಶೇ. 86.5 ಮಂದಿಯನ್ನು. ಅಂದರೆ ಚೆನ್ನಾಗಿ ನಿದ್ರಿಸುವ ನೂರು ಜನರಲ್ಲಿ 13-14 ಮಂದಿಗೆ ಸುಮ್ಮನೆ 'ತೊಂದರೆಯಿದೆ' ಎಂಬ ಪಟ್ಟ ಬಂದೀತು.

ತಪ್ಪಿಗೆ ಒಂದು ಕಾರಣ ನೆನಪು. ನಿದ್ರೆ ಬಂದ ಕ್ಷಣವನ್ನು ಯಾರೂ ಗಡಿಯಾರ ನೋಡಿ ಗುರುತಿಸಲಾರರು. ಕತ್ತಲಲ್ಲಿ ಹೊರಳಾಡುವವನಿಗೆ ಅರ್ಧ ಗಂಟೆ ಎರಡು ಗಂಟೆಯಂತೆ ತೋರುತ್ತದೆ. ಪ್ರಯೋಗಾಲಯದಲ್ಲಿ ಮಿದುಳಿನ ಅಲೆಗಳನ್ನು ದಾಖಲಿಸಿದಾಗ ಇಂಥ ಕೆಲವರು ತಾವು ಭಾವಿಸಿದ್ದಕ್ಕಿಂತ ಬಹಳ ಹೆಚ್ಚು ನಿದ್ರಿಸಿದ್ದು ಕಂಡುಬಂದಿದೆ. ಹಾಗೆಂದು ಅವರ ದೂರು ಸುಳ್ಳಲ್ಲ. ಯಂತ್ರ ಅಳೆಯುವುದು ನಿದ್ರೆಯ ನಿಮಿಷಗಳನ್ನು. ಪ್ರಶ್ನಾವಳಿ ಅಳೆಯುವುದು ನಿದ್ರೆ ಬಾರದವನ ಸಂಕಟವನ್ನು. ವೈದ್ಯರಿಗೆ ಈ ಎರಡನೆಯದೂ ಅಷ್ಟೇ ಮುಖ್ಯ.

ಹಾಗಾದರೆ ವಿದ್ಯಾರ್ಥಿಗಳೂ ಪಾಲಕರೂ ಮಾಡಬೇಕಾದದ್ದೇನು? ಪರೀಕ್ಷೆಯ ಹಿಂದಿನ ಒಂದು ಕೆಟ್ಟ ರಾತ್ರಿಯನ್ನೇ ನೆನೆದು ಉತ್ತರ ಬರೆಯಬಾರದು. ಪ್ರಶ್ನಾವಳಿ ಕೇಳುವುದು ಕಳೆದ ಎರಡು ವಾರದ ಅಥವಾ ಒಂದು ತಿಂಗಳ ಮಾತನ್ನು. ಮಗುವಿನ ಪರವಾಗಿ ತಾಯಿತಂದೆಯರೇ ಊಹಿಸಿ ಗುರುತು ಹಾಕುವುದೂ ಸಲ್ಲದು. ಮಲಗಿದ, ಎದ್ದ ಹೊತ್ತನ್ನು ಪ್ರತಿ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಟ್ಟರೆ ನೆನಪಿನ ಮೇಲಿನ ಭಾರ ಕಡಿಮೆಯಾಗುತ್ತದೆ. ವಾರದಲ್ಲಿ ಮೂರು ರಾತ್ರಿಯಾದರೂ ಕಾಡುವ ತೊಂದರೆ ಮೂರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಆದರೆ ಹಗಲಿನ ಓದು, ಆಟ ಕೆಡುತ್ತಿದ್ದರೆ ಅಷ್ಟು ದಿನ ಕಾಯಬೇಕಿಲ್ಲ.

ಅಂಕಪಟ್ಟಿಯೊಂದೇ ವಿದ್ಯಾರ್ಥಿಯ ಬುದ್ಧಿಯನ್ನು ಪೂರ್ತಿ ಹೇಳಲಾರದು. ನಿದ್ರೆಯ ಅಂಕವೂ ಹಾಗೆಯೇ. ಅದು ವೈದ್ಯರ ಬಾಗಿಲು ತಟ್ಟಬೇಕೆ ಎಂದು ತಿಳಿಸೀತು. ಒಳಗೆ ಕುಳಿತು ಕಾಯಿಲೆಯನ್ನು ತೀರ್ಮಾನಿಸುವ ಕೆಲಸ ಅದರದಲ್ಲ.